ನರ್ಸ್ ನೋಟ್ಸ್ ಬರೆಯುವುದು ಹೇಗೆ? ತಪ್ಪಾದರೆ ತಿದ್ದುವುದು ಹೇಗೆ?

ಹಾಸನ ಜಿಲ್ಲೆಯ ವಾರ್ಡುಗಳಲ್ಲಿ 30 ವರ್ಷ ಡ್ಯೂಟಿ ಮಾಡಿ ನಿವೃತ್ತಿಯಾದವಳು ನಾನು. ಈಗಲೂ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಮನೆಗೆ ಬರುತ್ತಾರೆ. ಡ್ರಿಪ್ ಹಾಕುವುದು, ಇಂಜೆಕ್ಷನ್ ಕೊಡುವುದು ಎಲ್ಲ ಚೆನ್ನಾಗಿ ಕಲಿತಿರುತ್ತಾರೆ. ನೋಟ್ಸ್ ವಿಷಯಕ್ಕೆ ಬಂದರೆ ಮಾತ್ರ ನನಗೆ ಭಯವಾಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೇ ಸಾಲು: ‘ಪೇಷೆಂಟ್ ಸ್ಟೇಬಲ್, ಮೆಡಿಸಿನ್ ಗಿವನ್.’ ಅದನ್ನೂ ಡ್ಯೂಟಿ ಮುಗಿಯುವ ಹತ್ತು ನಿಮಿಷ ಮೊದಲು ಕೂತು ಒಟ್ಟಿಗೆ ಬರೆಯುತ್ತಾರೆ.

ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ಒಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ದೂರು ಕೊಡಲು ರೋಗಿಯ ಕಡೆಯವರಿಗೆ 2 ವರ್ಷ ಸಮಯವಿದೆ. ನೋಟಿಸ್ ಬರುವ ಹೊತ್ತಿಗೆ ನಿಮಗೆ ಆ ರೋಗಿಯ ಮುಖವೂ ನೆನಪಿರುವುದಿಲ್ಲ. ಇನ್ನೊಂದು ವಿಷಯ ತುಂಬಾ ಜನ ನರ್ಸ್‌ಗಳಿಗೆ ಗೊತ್ತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನ ಪ್ರಕಾರ, ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದವರೆಗೆ ಜೈಲು. ನೋಂದಾಯಿತ ವೈದ್ಯರು ಚಿಕಿತ್ಸೆ ಕೊಡುವಾಗ ಹಾಗಾದರೆ ಅದು 2 ವರ್ಷದವರೆಗೆ. ಈ ರಿಯಾಯಿತಿಯಲ್ಲಿ ನರ್ಸ್ ಸೇರಿಲ್ಲ. ಹಾಗಾಗಿ ಆ ದಿನ ನೀವು ಏನು ಮಾಡಿದಿರಿ ಎಂದು ಹೇಳಲು ನಿಮ್ಮ ಕೈಬರಹ ಗಟ್ಟಿಯಾಗಿರಬೇಕು.

ಹಂತ 1: ಪೆನ್ನು, ಗಡಿಯಾರ, ಹೆಸರು

ಸಾಮಾನ್ಯ ಬಾಲ್ ಪೆನ್, ನೀಲಿ ಅಥವಾ ಕಪ್ಪು. ಜೆಲ್ ಪೆನ್ ಬೇಡವೇ ಬೇಡ. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಹಾಳೆಯೇ ತಂಪು ಹಿಡಿದಿರುತ್ತದೆ. ಕೈ ತೊಳೆದು ಬಂದು ಮುಟ್ಟಿದರೆ ಜೆಲ್ ಅಕ್ಷರ ಹರಡಿ ಹೋಗುತ್ತದೆ. ಪ್ರತಿ ಹಾಳೆಯ ಮೇಲೂ ರೋಗಿಯ ಹೆಸರು, ಐಪಿ ನಂಬರ್ (ಒಳರೋಗಿಯ ದಾಖಲಾತಿ ಸಂಖ್ಯೆ) ಇರಲಿ. ಸಮಯವನ್ನು 24 ಗಂಟೆ ಲೆಕ್ಕದಲ್ಲಿ ಬರೆಯಿರಿ. ‘ರಾತ್ರಿ 12’ ಎಂದು ಬರೆದರೆ ಅದು ಯಾವ ತಾರೀಕು ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಹಂತ 2: ಕಂಡದ್ದು, ಕೇಳಿದ್ದು

ನೋಟ್ಸ್ ಇಂಗ್ಲಿಷಿನಲ್ಲಿ ಬರೆಯುವುದು ರೂಢಿ, ಸರಿ. ಆದರೆ ರೋಗಿ ಆಡಿದ ಮಾತನ್ನು ಕನ್ನಡದಲ್ಲೇ, ಅವರು ಹೇಳಿದ ಹಾಗೇ ಬರೆಯಿರಿ. ‘ಸಂಕಟ ಆಯ್ತದೆ ಸಿಸ್ಟರ್’ ಎಂದು ಅಜ್ಜಿ ಹೇಳಿದರೆ ಅದನ್ನು ‘ನಾಸಿಯಾ’ ಮಾಡಿಬಿಡಬೇಡಿ. ನಮ್ಮ ಕಡೆ ಸಂಕಟ ಎಂದರೆ ವಾಕರಿಕೆಯೂ ಹೌದು, ಎದೆಯಲ್ಲಿ ಹಿಂಡಿದಂತಾಗುವುದೂ ಹೌದು. ಯಾವುದು ಎಂದು ತೀರ್ಮಾನ ಮಾಡಬೇಕಾದವರು ಡಾಕ್ಟರ್. ನೀವು ಅಜ್ಜಿಯ ಮಾತು ಬರೆಯಿರಿ. ಕೈ ಎಲ್ಲಿ ಇಟ್ಟು ತೋರಿಸಿದರು, ಬೆವರುತ್ತಿದ್ದರಾ, ನಾಡಿ ಎಷ್ಟು, ಬಿಪಿ ಎಷ್ಟು ಎಂದು ಸೇರಿಸಿ.

ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸುಗಳಲ್ಲಿ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಕಾಫಿ ತೋಟದಿಂದ ಕಳೆ ಔಷಧಿ ಕುಡಿದವರನ್ನು ಕರೆತರುತ್ತಾರೆ. ‘ಆತ್ಮಹತ್ಯೆ ಯತ್ನ’ ಎಂದು ನೀವು ಬರೆಯಬಾರದು. ‘ಕಳೆ ಔಷಧಿ ಕುಡಿದಿದ್ದಾರೆ ಎಂದು ಜೊತೆಗೆ ಬಂದ ಗಂಡ ಹೇಳಿದರು’ ಎಂದು ಬರೆಯಿರಿ. ಕುಡಿದದ್ದು ನಿಮ್ಮ ಕಣ್ಣೆದುರು ಅಲ್ಲವಲ್ಲ. ಹೊಟ್ಟೆ ತೊಳೆದ ನೀರಿನ ಬಾಟಲಿಗೆ ಸೀಲ್ ಹಾಕಿ, ಯಾವ ಪೊಲೀಸರ ಕೈಗೆ ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು ಬರೆದು ಅವರ ಸಹಿ ತಗೊಳ್ಳಿ. ಠಾಣೆಗೆ ತಿಳಿಸುವುದು ಡಾಕ್ಟರ ಕೆಲಸ. ತಿಳಿಸಿದ ಸಮಯ ಮಾತ್ರ ನಿಮ್ಮ ನೋಟ್ಸ್‌ನಲ್ಲಿರಲಿ. ಸಾಯುವ ಸ್ಥಿತಿಯಲ್ಲಿರುವವರು ತಮಗೆ ಏನಾಯಿತು, ಯಾರು ಮಾಡಿದರು ಎಂದು ಹೇಳಿದರೆ ಆ ಮಾತು ಕೋರ್ಟಿನಲ್ಲಿ ಸಾಕ್ಷ್ಯವಾಗುತ್ತದೆ. ಅದನ್ನು ಒಂದಕ್ಷರ ಬದಲಿಸದೆ ಬರೆಯಿರಿ. ಹತ್ತಿರ ಯಾರು ನಿಂತಿದ್ದರು ಎಂಬುದನ್ನೂ ಬರೆಯಿರಿ.

ಹಾವು ಕಡಿದು ಬಂದವರಲ್ಲಿ ಗಡಿಯಾರವೇ ಮುಖ್ಯ. ರಕ್ತವನ್ನು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡುತ್ತೇವೆ. ಇಟ್ಟ ಸಮಯ ಬರೆಯದಿದ್ದರೆ ಆ ಪರೀಕ್ಷೆಗೆ ಅರ್ಥವೇ ಇಲ್ಲ. 2024ರಿಂದ ರಾಜ್ಯದಲ್ಲಿ ಹಾವು ಕಡಿತದ ಕೇಸುಗಳನ್ನು ಖಾಸಗಿ ಆಸ್ಪತ್ರೆಯವರೂ ಕಡ್ಡಾಯವಾಗಿ ವರದಿ ಮಾಡಬೇಕು.

ಹಂತ 3: ಫೋನಿನಲ್ಲಿ ಬಂದ ಆರ್ಡರ್

ಡಾಕ್ಟರ್ ಹೇಳಿದ್ದನ್ನು ಮೊದಲು ಬರೆದುಕೊಳ್ಳಿ, ಆಮೇಲೆ ಅವರಿಗೇ ಓದಿ ಹೇಳಿ. ‘ಫಿಫ್ಟೀನ್’, ‘ಫಿಫ್ಟಿ’ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. ‘ಒನ್, ಫೈವ್’ ಎಂದು ಬಿಡಿಸಿ ಕೇಳಿ. ಸ್ಪೀಕರ್ ಹಾಕಿ ಪಕ್ಕದ ಸಿಸ್ಟರ್‌ಗೂ ಕೇಳಿಸಿ. ಬೆಳಿಗ್ಗೆ ರೌಂಡ್ಸ್‌ಗೆ ಬಂದಾಗ ಡಾಕ್ಟರ ಸಹಿ ಹಾಕಿಸಿ. ‘ಆಮೇಲೆ ಹಾಕ್ತೀನಮ್ಮ’ ಎಂದರೆ ಕೇಸ್ ಶೀಟ್ ಹಿಡಿದು ಅಲ್ಲೇ ನಿಂತುಕೊಳ್ಳಿ. ಇದರಲ್ಲಿ ಸಂಕೋಚ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಆರ್ಡರ್ ಕೂಡ ಕೇಸ್ ಶೀಟಿಗೆ ಇಳಿಯಲೇಬೇಕು. ಫೋನ್ ಬದಲಾಗುತ್ತದೆ, ಮೆಸೇಜ್ ಅಳಿಸಿ ಹೋಗುತ್ತದೆ.

ಡಾಕ್ಟರಿಗೆ ಮೂರು ಸಲ ಫೋನ್ ಮಾಡಿದರೆ ಮೂರೂ ಸಮಯ ಬರೆಯಿರಿ. ಸುಮ್ನೆ ‘ಡಾಕ್ಟರಿಗೆ ತಿಳಿಸಲಾಗಿದೆ’ ಎಂಬ ಸಾಲು ಯಾರನ್ನೂ ಕಾಪಾಡುವುದಿಲ್ಲ.

ಹಂತ 4: ತಪ್ಪಾದಾಗ

ಜಾಸ್ತಿ ಜನ ಎಡವುವುದು ಇಲ್ಲೇ. ನನ್ನ ಜೊತೆ ಕಲಿತ ಗೆಳತಿಯೊಬ್ಬಳು ಖಾಸಗಿ ಆಸ್ಪತ್ರೆಯಲ್ಲಿದ್ದಳು. 14-10ಕ್ಕೆ, ಅಂದರೆ ಮಧ್ಯಾಹ್ನ 2 ಗಂಟೆ 10 ನಿಮಿಷಕ್ಕೆ ಇಂಜೆಕ್ಷನ್ ಕೊಟ್ಟು, ಕೈತಪ್ಪಿ 13-10 ಎಂದು ಬರೆದಳು. ಕೂಡಲೇ ಗೊತ್ತಾಯಿತು. ವೈಟ್ನರ್ ಹಚ್ಚಿ ಸರಿಯಾದ ಸಮಯ ಬರೆದಳು. ಕೊಟ್ಟ ಔಷಧಿ ಸರಿ, ಡೋಸ್ ಸರಿ, ತಿದ್ದಿದ ಸಮಯವೂ ಸರಿ. ಎರಡು ವರ್ಷದ ನಂತರ ಗ್ರಾಹಕರ ಆಯೋಗದಲ್ಲಿ ಎದುರು ಕಡೆಯ ವಕೀಲರು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಇದರ ಕೆಳಗೆ ಏನಿತ್ತಮ್ಮ?’ ಎಂದು ಕೇಳಿದರು. ಅವಳಿಗೆ ನೆನಪಿರಲಿಲ್ಲ. ಆ ಪ್ರಶ್ನೆ ಬಂದ ಮೇಲೆ ಉಳಿದ ಹಾಳೆಗಳನ್ನೂ ಯಾರೂ ನಂಬಲಿಲ್ಲ. ಅವತ್ತು ಅವಳು ಅತ್ತದ್ದನ್ನು ನಾನು ಮರೆತಿಲ್ಲ. ವಾರ್ಡಿನಲ್ಲಿ ವೈಟ್ನರ್ ಬಾಟಲಿ ಕಂಡರೆ ಎತ್ತಿ ಕಸಕ್ಕೆ ಹಾಕಿ.

ತಿದ್ದುವ ಕ್ರಮ ಇದು. ತಪ್ಪಾದ ಪದದ ಮೇಲೆ ಒಂದೇ ಒಂದು ಗೆರೆ ಎಳೆಯಿರಿ. ಕೆಳಗಿರುವುದು ಓದಲು ಸಿಗಬೇಕು, ಗೀಚಿ ಮುಚ್ಚಬಾರದು. ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ. ‘ಸಮಯ ತಪ್ಪಾಗಿ ಬರೆದದ್ದು’ ಎಂದು ಕಾರಣ ಹಾಕಿ, ತಿದ್ದಿದ ತಾರೀಕು, ಸಮಯ, ಸಹಿ ಹಾಕಿ. ಅಂಕಿಯ ಮೇಲೆಯೇ ಇನ್ನೊಂದು ಅಂಕಿ ತೀಡುವ ಅಭ್ಯಾಸ ತುಂಬಾ ಜನರಿಗಿದೆ. 3 ಹೋಗಿ 8 ಆಗುತ್ತದೆ, ಓದುವವರಿಗೆ ಯಾವುದೂ ತಿಳಿಯುವುದಿಲ್ಲ. ಅದೂ ಬೇಡ.

ಬರೆಯುವುದೇ ಮರೆತುಹೋದರೆ? ಎಮರ್ಜೆನ್ಸಿ ಬಂದಾಗ ಕೈ ರೋಗಿಯ ಮೇಲಿರುತ್ತದೆ, ಪೆನ್ನಿನ ಮೇಲಲ್ಲ. ಅದು ತಪ್ಪಲ್ಲ. ಆದರೆ ಹಿಂದಿನ ಎರಡು ಸಾಲುಗಳ ನಡುವೆ ಸಣ್ಣ ಅಕ್ಷರದಲ್ಲಿ ತುರುಕಬೇಡಿ. ಈಗ ಎಲ್ಲಿಯವರೆಗೆ ಬರೆದಿದೆಯೋ ಅದರ ಕೆಳಗೆ, ಮೊದಲು ಈಗಿನ ಸಮಯ ಹಾಕಿ. ಹೀಗೆ: ‘16-30. ತಡವಾಗಿ ಬರೆದದ್ದು. 14-10ಕ್ಕೆ ರೋಗಿಗೆ ಉಸಿರಾಟದ ತೊಂದರೆ ಕಾಣಿಸಿತು. ಆಕ್ಸಿಜನ್ ಹಾಕಿ 14-12ಕ್ಕೆ ಡ್ಯೂಟಿ ಡಾಕ್ಟರಿಗೆ ತಿಳಿಸಿದೆ.’ ತಡವಾದದ್ದನ್ನು ಒಪ್ಪಿಕೊಂಡ ಸಾಲನ್ನು ಯಾರಾದರೂ ನಂಬುತ್ತಾರೆ.

ಔಷಧಿಯೇ ತಪ್ಪಿ ಕೊಟ್ಟಿದ್ದರೆ ಮೊದಲು ಡಾಕ್ಟರಿಗೆ ಹೇಳಿ. ಬರೆಯುವುದು ಆಮೇಲೆ. ಏನು ಕೊಟ್ಟಿರಿ, ಎಷ್ಟು, ಯಾವಾಗ, ಆಮೇಲೆ ರೋಗಿ ಹೇಗಿದ್ದರು, ಡಾಕ್ಟರ್ ಏನು ಮಾಡಲು ಹೇಳಿದರು ಎಂದು ಬರೆಯಿರಿ. ‘ಫಾರ್ಮಸಿಯವರು ಬೇರೆ ಕೊಟ್ಟರು’ ಎಂದು ಕೇಸ್ ಶೀಟಿನಲ್ಲಿ ಜಗಳ ಬೇಡ. ಹೆದರಿಕೆಯಿಂದ ಮುಚ್ಚಿಟ್ಟ ಒಂದು ಗಂಟೆಯಲ್ಲಿ ರೋಗಿಯ ಜೀವವೇ ಹೋಗಬಹುದು ಅಲ್ವಾ?

ಹಾಳೆ ಹರಿಯುವುದು, ನೀಟಾಗಿ ಇನ್ನೊಂದು ಹಾಳೆಗೆ ಫೇರ್ ಕಾಪಿ ಮಾಡುವುದು, ರಜೆಯಲ್ಲಿರುವ ಗೆಳತಿಯ ಸಹಿ ನೀವು ಹಾಕುವುದು, ಮೂರೂ ಅಪರಾಧ ಎಂದೇ ತಿಳಿಯಿರಿ. ‘ನೀಟಾಗಿ ಬರೆದುಕೊಡಮ್ಮ’ ಎಂದು ಮೇಲಿನವರೇ ಹೇಳಿದರೂ ಒಪ್ಪಬೇಡಿ. ವಕೀಲರ ನೋಟಿಸ್ ಬಂದ ಮೇಲಂತೂ ಆ ಫೈಲಿಗೆ ಒಂದು ಚುಕ್ಕೆಯನ್ನೂ ಸೇರಿಸಬಾರದು.

ಹಂತ 5: ಗುಟ್ಟು ಕಾಯುವುದು

ಎಚ್‌ಐವಿ ಇದೆ ಎಂದು ಮಂಚಕ್ಕೆ ಚೀಟಿ ಅಂಟಿಸುವುದನ್ನು 2017ರ ಕಾಯ್ದೆ ಒಪ್ಪುವುದಿಲ್ಲ. ಕೇಸ್ ಶೀಟಿನ ಫೋಟೊ ಗೆಳತಿಯರ ಗ್ರೂಪಿಗೆ ಹೋಗಬಾರದು. ಹೆರಿಗೆ ವಾರ್ಡಿಗೆ ಬಂದ ಹುಡುಗಿಗೆ 18 ತುಂಬಿಲ್ಲ ಎಂದು ತಿಳಿದರೆ ಮಾತ್ರ ಸುಮ್ಮನಿರುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದವರಿಗೆ 6 ತಿಂಗಳವರೆಗೆ ಜೈಲು ಆಗಬಹುದು. ಮದುವೆಯಾಗಿದೆ ಎಂದು ಮನೆಯವರು ಹೇಳಿದರೂ ಅಷ್ಟೇ.

ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ 2002ರ ನಿಯಮಾವಳಿಯಲ್ಲಿದೆ. ಅವರನ್ನು ರೆಕಾರ್ಡ್ ವಿಭಾಗಕ್ಕೆ ಕಳಿಸಿ. ಮೂಲ ಹಾಳೆಯನ್ನು ವಾರ್ಡಿನಿಂದ ಯಾರ ಕೈಗೂ ಕೊಡಬೇಡಿ.

ಹಂತ 6: ಮುಂದಿನ ಸಿಸ್ಟರ್‌ಗೆ ಡ್ಯೂಟಿ ಓವರ್ ಕೊಡುವ ಮೊದಲು

ಕೊನೆಯ ಸಾಲಿನ ನಂತರ ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯಿರಿ. ಪೂರ್ತಿ ಹೆಸರು, ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ನಂಬರ್ ಬರೆದು ಸಹಿ ಹಾಕಿ. ಓವರ್ ತಗೊಳ್ಳುವ ಸಿಸ್ಟರನ್ನು ಮಂಚದ ಹತ್ತಿರ ಕರೆದುಕೊಂಡು ಹೋಗಿ, ಡ್ರಿಪ್ ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ಇಬ್ಬರೂ ನೋಡಿ, ಆ ಅಂಕಿಯನ್ನು ಬರೆದು ಮನೆಗೆ ಹೊರಡಿ.