ಹಾಸ್ಯಕ್ಕೆ ಕಿವಿ, ಥ್ರಿಲ್ಲರ್‌ಗೆ ಕತ್ತಲೆ: ಅಪ್ಪನ ಕ್ಯಾಸೆಟ್‌ಗಳನ್ನು ಉಳಿಸಿದ್ದು ಹೀಗೆ

ಮುಂಬಯಿ ಹತ್ತಿರದ ಡೊಂಬಿವಿಲಿಯ ನಮ್ಮ ಮನೆಯ ಅಟ್ಟದಲ್ಲಿ 64 ವಿಡಿಯೊ ಕ್ಯಾಸೆಟ್‌ಗಳಿದ್ದವು. 1988ರಿಂದ ಸುಮಾರು ಹತ್ತು ವರ್ಷ ಅಪ್ಪ ಮನೆಯ ಮುಂದಿನ ಕೋಣೆಯಲ್ಲೇ ಕನ್ನಡ ಕ್ಯಾಸೆಟ್‌ಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಮೊದಲು ಉಡುಪಿಯಿಂದ ಬಸ್ಸಿನಲ್ಲಿ ಬರುವವರ ಕೈಲಿ ಚೀಲದಲ್ಲಿ ಕ್ಯಾಸೆಟ್ ತರಿಸುತ್ತಿದ್ದರು. ಹೋಟೆಲ್ ಕೆಲಸದವರು, ಬ್ಯಾಂಕಿನವರು, ಪಕ್ಕದ ಬಿಲ್ಡಿಂಗಿನ ಅಕ್ಕಂದಿರು, ಎಲ್ಲರೂ ಕೇಳುತ್ತಿದ್ದದ್ದು ಎರಡೇ ಬಗೆ. ಒಂದು, ನಗಿಸುವ ಸಿನಿಮಾ. ಇನ್ನೊಂದು, 'ಯಾರು ಕೊಂದದ್ದು' ಅನ್ನುವ ಸಿನಿಮಾ.

ಈ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿಸೋಣ ಅಂತ ಮೊದಲು ಒಂದು ಅಂಗಡಿಗೆ ಐದು ಕೊಟ್ಟೆ. ಬಂದದ್ದನ್ನು ನೋಡಿ ಹೊಟ್ಟೆ ಉರಿಯಿತು. ಥ್ರಿಲ್ಲರ್‌ನಲ್ಲಿ ರಾತ್ರಿಯ ದೃಶ್ಯವೆಲ್ಲ ಬರೀ ಕಪ್ಪು. ಹಾಸ್ಯದಲ್ಲಿ ಮಾತಿನ ಕೊನೆಯೇ ಇಲ್ಲ, ನೀರಿನೊಳಗಿಂದ ಮಾತಾಡಿದ ಹಾಗೆ. ಅವರು ಎಲ್ಲ ಕ್ಯಾಸೆಟ್‌ಗೂ ಒಂದೇ ಸೆಟ್ಟಿಂಗ್ ಇಟ್ಟು ಓಡಿಸಿದ್ದರು. ಆಮೇಲೆ ನಾನೇ ಕಲಿತೆ. ಎರಡು ವರ್ಷ ಹಿಡಿಯಿತು. ಈಗ 53 ಮುಗಿದಿವೆ.

ಮುಂಬಯಿಯಲ್ಲಿ ಮೊದಲ ಶತ್ರು ಬೂಷ್ಟು. ಇಲ್ಲಿನ ಮಳೆಗಾಲ ಯಾವ ಟೇಪನ್ನೂ ಬಿಡುವುದಿಲ್ಲ. ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದನ್ನು ವಿಸಿಆರ್‌ಗೆ ಹಾಕಲೇಬೇಡಿ. ನಾನು ಹಾಕಿದ್ದೆ. ಟೇಪನ್ನು ಓದುವ ಹೆಡ್ ಕಟ್ಟಿಕೊಂಡಿತು, ಟೇಪ್ ಒಳಗೆ ಸಿಕ್ಕಿಕೊಂಡು ಒಂದು ಗೇಣಿನಷ್ಟು ಹರಿಯಿತು. ಅದಕ್ಕಿಂತ ಕೆಟ್ಟದ್ದು, ಆ ಬೂಷ್ಟು ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಅಂಟಿತು.

ಈಗ ಮಾಡುವುದು ಹೀಗೆ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಎರಡು ವಾರ ಇಡುತ್ತೇನೆ. ಹಸಿ ಬೂಷ್ಟು ಅಂಟುತ್ತದೆ, ಒಣಗಿದರೆ ಪುಡಿಯಾಗಿ ಉದುರುತ್ತದೆ. ಬಿಸಿಲಿಗೆ ಇಡಬಾರದು, ಟೇಪ್ ಸೊಟ್ಟಗಾಗುತ್ತದೆ. ಆಮೇಲೆ ಬಾಲ್ಕನಿಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಕ್ಯಾಸೆಟ್ ಅಡಿಯ ಐದು ಸ್ಕ್ರೂ ತೆಗೆದು ಬಿಚ್ಚುತ್ತೇನೆ. ಚೋರ್ ಬಜಾರಿನಲ್ಲಿ ಸಿಕ್ಕ ಟೇಪ್ ಸುತ್ತುವ ಹಳೆಯ ಯಂತ್ರ, ರಿವೈಂಡರ್, ಒಂದಿದೆ. ಟೇಪಿನ ಎರಡೂ ಬದಿಗೆ ನೂಲು ಬಿಡದ ಮೆತ್ತನೆ ಬಟ್ಟೆ ಹಿಡಿದು ನಿಧಾನವಾಗಿ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಸುತ್ತಿಸುತ್ತೇನೆ. ಮೂರು ಗಂಟೆಯ ಇ-180 ಕ್ಯಾಸೆಟ್ಟಿನಲ್ಲಿ ಟೇಪ್ ಸುಮಾರು 258 ಮೀಟರ್ ಇರುತ್ತದೆ. ಅವಸರ ಮಾಡಿದರೆ ಆಗದ ಕೆಲಸ ಇದು.

ವಿಸಿಆರ್‌ನ ಹೆಡ್ ಒರೆಸಲು ಹತ್ತಿ ಕಡ್ಡಿ ಬೇಡ. ಅದರ ಎಳೆ ಹೆಡ್ಡಿಗೆ ಸಿಕ್ಕಿ ತುದಿ ಮುರಿಯಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೆತ್ತನೆ ಚರ್ಮದ ತುಂಡನ್ನು ಹೆಡ್ ಕೂತಿರುವ ಉರುಳೆಗೆ, ಅಂದರೆ ಡ್ರಮ್ಮಿಗೆ, ಹಗುರವಾಗಿ ಹಿಡಿದು, ಡ್ರಮ್ಮನ್ನು ಇನ್ನೊಂದು ಕೈಯಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಬಾರದು. ಟೇಪ್ ಹರಿದಿದ್ದರೆ ಟೇಪ್ ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪಿನಿಂದ, ಹೆಡ್ಡಿಗೆ ತಾಗದ ಹಿಂಬದಿಗೆ ಮಾತ್ರ ಅಂಟಿಸಿ. ಸೆಲೊಟೇಪ್ ಹಾಕಿದರೆ ಅದರ ಅಂಟು ಹೆಡ್ಡಿಗೆ ಬರುತ್ತದೆ.

ಇಷ್ಟು ಎಲ್ಲ ಕ್ಯಾಸೆಟ್ಟಿಗೂ ಒಂದೇ. ಇಲ್ಲಿಂದ ಮುಂದೆ ಹಾಸ್ಯದ ದಾರಿ ಬೇರೆ, ಥ್ರಿಲ್ಲರ್‌ನ ದಾರಿ ಬೇರೆ.

ನಮ್ಮ ಆಗಿನ ಹಾಸ್ಯ ಸಿನಿಮಾಗಳಲ್ಲಿ ನಗು ಇರುವುದು ಮಾತಿನಲ್ಲಿ. ಅದೂ ಮಾತಿನ ಬಾಲದಲ್ಲಿ. ಅನಂತನಾಗ್ ಒಂದು ಸಾಲು ಹೇಳಿ ಕೊನೆಯ ಪದವನ್ನು ಮೆಲ್ಲಗೆ ಬಿಡುತ್ತಾರಲ್ಲ, ಆ ಪದ ಕೇಳದಿದ್ದರೆ ಸಿನಿಮಾನೇ ಹೋಯಿತು. ಅಪ್ಪನ ಟೇಪುಗಳಲ್ಲಿ ಧ್ವನಿ ಇರುವುದು ಟೇಪಿನ ಅಂಚಿನಲ್ಲಿ, ಒಂದು ತೆಳು ಗೆರೆಯಾಗಿ. ಅದನ್ನು ಓದುವುದು ಅಲುಗಾಡದೆ ನಿಂತ ಒಂದು ಹೆಡ್. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಮತ್ತು ನಮ್ಮ ಹೆಡ್ ಒಂದೇ ಕೋನದಲ್ಲಿ ಇಲ್ಲದಿದ್ದರೆ 'ಸ', 'ಶ', 'ಚ' ಎಲ್ಲ ಮಂಕಾಗುತ್ತವೆ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿ ಆ ಕೋನ ಸರಿ ಮಾಡಬಹುದು. ಮೊದಲು ಅದು ಇದ್ದ ಜಾಗವನ್ನು ಮಾರ್ಕರ್‌ನಿಂದ ಗುರುತು ಮಾಡಿ. ಹೆಡ್‌ಫೋನ್ ಹಾಕಿಕೊಂಡು, ಕೂದಲೆಳೆಯಷ್ಟು ತಿರುಗಿಸುತ್ತಾ ಕೇಳಿ. ಒಂದು ಕಡೆ ಪರದೆ ಸರಿಸಿದ ಹಾಗೆ ಮಾತು ಥಟ್ಟನೆ ಹತ್ತಿರ ಬರುತ್ತದೆ. ಅಲ್ಲಿಗೆ ಬಿಡಿ.

ಮೊದಲ ಸಲ ಹೀಗೆ ಸರಿಯಾದಾಗ ಒಳಗೆ ಮಲಗಿದ್ದ ಅಪ್ಪ ಎದ್ದು ಬಂದರು. "ಈಗ ಕೇಳ್ತದೆ ಮಗಾ, ಇದು ಅವತ್ತಿನ ಹಾಗೇ ಉಂಟು" ಅಂದರು.

ಅಂಗಡಿಯವರು ಮಾಡಿದ ತಪ್ಪು ನಾಯ್ಸ್ ರಿಡಕ್ಷನ್. ಸುಯ್ ಅನ್ನುವ ಸದ್ದು ತೆಗೆಯಲು ಹೋಗಿ ಮಾತಿನ ಬಾಲವನ್ನೂ ತೆಗೆದಿದ್ದರು. ನಾನು ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದನ್ನು ಮಾತ್ರ ಕಡಿಮೆ ಮಾಡುತ್ತೇನೆ. ಸುಯ್ ಸದ್ದು ಇದ್ದರೆ ಇರಲಿ, ಎರಡು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ.

ಇನ್ನೊಂದು ವಿಷಯ ಗಮನಿಸಿದೆ. ಹಾಸ್ಯದ ಕ್ಯಾಸೆಟ್ಟುಗಳಲ್ಲಿ ಕೆಲವು ದೃಶ್ಯಗಳ ಹತ್ತಿರ ಮಾತ್ರ ಬಿಳಿ ಗೆರೆ ಜಾಸ್ತಿ. ಜನ ರಿವೈಂಡ್ ಮಾಡಿ ಮಾಡಿ ನೋಡಿದ ಜಾಗಗಳು ಅವು. ಪಾಜ್ ಒತ್ತಿ ಚಿತ್ರ ನಿಲ್ಲಿಸಿದರಂತೂ ನಿಮಿಷಕ್ಕೆ 1500 ಸುತ್ತು ತಿರುಗುವ ಡ್ರಮ್ ಅದೇ ಜಾಗವನ್ನು ಉಜ್ಜುತ್ತಲೇ ಇರುತ್ತದೆ. ಥ್ರಿಲ್ಲರ್ ಟೇಪುಗಳು ಮೊದಲಿಂದ ಕೊನೆಯವರೆಗೆ ಒಂದೇ ಸಮ ಸವೆದಿವೆ. ಸುನೀಲ್ ಕುಮಾರ್ ದೇಸಾಯಿ ಅವರ 1989ರ 'ತರ್ಕ'ದಲ್ಲಿ ಹಾಡೇ ಇಲ್ಲ, ಹಾಗಾಗಿ ಹಾಡು ದಾಟಲು ಟೇಪನ್ನು ಮುಂದಕ್ಕೆ ಓಡಿಸುವ ಮಾತೇ ಇರಲಿಲ್ಲ. ನನ್ನ ಹತ್ತಿರ ಇರುವುದರಲ್ಲಿ ಅತಿ ಚೆನ್ನಾಗಿ ಉಳಿದ ಟೇಪ್ ಅದೇ.

ಥ್ರಿಲ್ಲರ್‌ಗೆ ಬೇಕಾದದ್ದು ಒಳ್ಳೆಯ ಕತ್ತಲೆ. ಪೂರ್ತಿ ಕಪ್ಪಲ್ಲ, ಒಳಗೆ ಏನೋ ಇದೆ ಅನ್ನಿಸುವ ಕತ್ತಲೆ. ವಿಸಿಆರ್‌ನ ಚಿತ್ರವನ್ನು ಕಂಪ್ಯೂಟರಿಗೆ ತರುವ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗಳನ್ನು ಸೆಟ್ಟಿಂಗ್ ಬದಲಿಸದೆ ಬಳಸಿದರೆ ಅವು ಈ ನೆರಳನ್ನು ನುಂಗಿಹಾಕುತ್ತವೆ. ಒಮ್ಮೆ ನುಂಗಿದ್ದು ಆಮೇಲೆ ಬ್ರೈಟ್‌ನೆಸ್ ಏರಿಸಿದರೂ ವಾಪಸ್ ಬರುವುದಿಲ್ಲ. ಅದಕ್ಕೇ ಮೊದಲು ಇಡೀ ಸಿನಿಮಾದ ಅತಿ ಕತ್ತಲೆಯ ದೃಶ್ಯ ಹುಡುಕುತ್ತೇನೆ. ಅದನ್ನು ಓಡಿಸಿಕೊಂಡು ರೆಕಾರ್ಡಿಂಗ್ ತಂತ್ರಾಂಶ ವರ್ಚುವಲ್‌ಡಬ್‌ನಲ್ಲಿ ಹಿಸ್ಟೊಗ್ರಾಮ್, ಅಂದರೆ ಕಪ್ಪು ಬಿಳುಪು ಎಷ್ಟಿದೆ ಎಂದು ತೋರಿಸುವ ನಕ್ಷೆ, ತೆರೆಯುತ್ತೇನೆ. 0ಯಿಂದ 255ರ ಅಳತೆಯಲ್ಲಿ ಕಪ್ಪು 16ಕ್ಕಿಂತ ಕೆಳಗೆ ಇಳಿಯದ ಹಾಗೆ, ಬಿಳಿ 235 ದಾಟದ ಹಾಗೆ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಹೊಂದಿಸಿ, ಆಮೇಲೆಯೇ ರೆಕಾರ್ಡಿಂಗ್. ತಾನಾಗೇ ಬೆಳಕು ಹೊಂದಿಸುವ ಆಯ್ಕೆ ಇದ್ದರೆ ಆಫ್ ಮಾಡಿ. ಟಾರ್ಚ್ ಹೊತ್ತಿದ ಕೂಡಲೇ ಇಡೀ ಕೋಣೆ ಮಂಕಾಗುವುದು ಅದರಿಂದಲೇ.

ರೆಕಾರ್ಡಿಂಗ್ 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ (ಒಂದು ಫ್ರೇಮ್ ಎರಡು ಅರ್ಧಗಳಾಗಿ ಬರುವುದು) ಇದ್ದ ಹಾಗೇ, ಗುಣಮಟ್ಟ ಕಳೆಯದ ಹಫ್‌ವೈಯುವಿ ಎನ್ನುವ ಫಾರ್ಮ್ಯಾಟ್‌ನಲ್ಲಿ. ಫೈಲ್ ತುಂಬ ದೊಡ್ಡದಾಗುತ್ತದೆ, ಜಾಗ ಮೊದಲೇ ಮಾಡಿಕೊಳ್ಳಿ. ಚಿತ್ರ ಅಡ್ಡಕ್ಕೆ ನಡುಗುತ್ತಿದ್ದರೆ ವಿಸಿಆರ್ ಮತ್ತು ಕಂಪ್ಯೂಟರ್ ನಡುವೆ ಹಳೆಯ ಡಿವಿಡಿ ರೆಕಾರ್ಡರ್ ಒಂದನ್ನು ಇಟ್ಟು ನೋಡಿ. ಕೆಲವು ಮಾಡೆಲ್‌ಗಳು ನಡುಕವನ್ನು ಚೆನ್ನಾಗಿ ನಿಲ್ಲಿಸುತ್ತವೆ. ನನಗೆ ಒಂದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಕ್ಕಿತು. ಕೊನೆಯಲ್ಲಿ ಫೈಲ್ ಚಿಕ್ಕದು ಮಾಡಲು ಎಚ್.264 ಫಾರ್ಮ್ಯಾಟ್‌ಗೆ ಇಳಿಸುವಾಗ ಹಾಸ್ಯಕ್ಕೆ ಸಿಆರ್‌ಎಫ್ (ಗುಣಮಟ್ಟದ ಅಂಕಿ, ಕಡಿಮೆ ಇದ್ದಷ್ಟು ಚಿತ್ರ ಚೆನ್ನ) 19 ಸಾಕು. ಥ್ರಿಲ್ಲರ್‌ಗೆ 16 ಇಡುತ್ತೇನೆ, ಇಲ್ಲದಿದ್ದರೆ ಕತ್ತಲೆಯಲ್ಲಿ ಚೌಕ ಚೌಕ ಏಳುತ್ತದೆ.

ಮನೆಯಲ್ಲಿ ವಿಸಿಡಿಗಳೂ, ಅಂದರೆ ಸಿನಿಮಾದ ಸಿಡಿಗಳೂ, ಇದ್ದವು. ಅದರಲ್ಲಿ ಚಿತ್ರ 352×288 ಅಷ್ಟೇ, ಜಾಸ್ತಿ ಆಸೆ ಬೇಡ. ಸಿಡಿಯ ಎಂಪೆಗ್‌ಎವಿ (MPEGAV) ಫೋಲ್ಡರಿನಲ್ಲಿರುವ .dat ಫೈಲ್ ಹಾಗೇ ನಕಲಾದರೆ ಮುಗಿಯಿತು. ಆದರೆ ಸಿಡಿ ಓದುವುದು ನಡುವಿನಿಂದ ಹೊರಗೆ. ಒಂದು ಸಿಡಿಗೆ ಸುಮಾರು 74 ನಿಮಿಷ, ತುಂಬಿದ್ದರೆ ಕೊನೆಯ ಭಾಗ ಹೊರ ಅಂಚಿನಲ್ಲಿರುತ್ತದೆ. ಎಲ್ಲರ ಬೆರಳು ತಾಗುವುದೂ ಅಲ್ಲೇ ಅಲ್ವಾ? ನನ್ನ ಮೂರು ಥ್ರಿಲ್ಲರ್‌ಗಳು ಕೊಲೆಗಾರ ಯಾರು ಅಂತ ಹೇಳುವ ಹೊತ್ತಿಗೇ ನಿಂತವು. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದಾಗ ಒಂದು ಸರಿಹೋಯಿತು. ಇನ್ನೊಂದಕ್ಕೆ ಅದೇ ಸಿನಿಮಾದ ಬೇರೆ ಪ್ರತಿ ಹುಡುಕಿ, ಹೋದ ಭಾಗವನ್ನು ಅದರಿಂದ ತೆಗೆದು ಸೇರಿಸಿದೆ. ಮೂರನೆಯದು ಇನ್ನೂ ಅರ್ಧಕ್ಕೇ ಇದೆ.

ಇವನ್ನು ನೆಟ್ಟಿಗೆ ಹಾಕಿ ಅಂತ ನೆಂಟರು ಕೇಳುತ್ತಾರೆ. ಹಾಕುವುದಿಲ್ಲ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು 60 ವರ್ಷ ಇರುತ್ತದೆ, ಅದು ಮಾಡಿದವರದು. ಮನೆಗೆ ಬಂದವರಿಗೆ ಟಿವಿಯಲ್ಲಿ ತೋರಿಸುತ್ತೇನೆ. ಎರಡು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿದ್ದೇನೆ, ಒಂದು ಇಲ್ಲಿ, ಒಂದು ಉಡುಪಿಯಲ್ಲಿ ಅಕ್ಕನ ಮನೆಯಲ್ಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಕ್ಯಾಸೆಟ್ಟನ್ನೂ ಬಿಚ್ಚುವುದಿಲ್ಲ, ಗಾಳಿಯಲ್ಲೇ ನೀರಿರುತ್ತದೆ. ಉಳಿದ 11 ಈಗ ಡಬ್ಬಿಯಲ್ಲಿವೆ. ದೀಪಾವಳಿ ಕಳೆದ ಮೇಲೆ ಮೊದಲು ತೆಗೆಯುವುದು ಯಾವುದು ಅಂತ ಅಪ್ಪ ಆಗಲೇ ಹೇಳಿಟ್ಟಿದ್ದಾರೆ, ಹಾಸ್ಯದ್ದೇ.