ಪರಿಹಾರ ಮೇಳದ ಹರಾಜಿಗೆ ಕೌದಿ: ಎರಡು ಸಲ ಸೋತು ಮೂರನೇ ಸಲ ಗೆದ್ದದ್ದು

ಕೆನಡಾದ ಆಬಟ್ಸ್‌ಫರ್ಡ್‌ನಲ್ಲಿ ಸೆಪ್ಟೆಂಬರ್‌ನಲ್ಲಿ ನಡೆಯುವ ಮೆನೊನೈಟ್ ಕ್ರೈಸ್ತ ಪಂಗಡದವರ ‘ಫೆಸ್ಟಿವಲ್ ಫಾರ್ ವರ್ಲ್ಡ್ ರಿಲೀಫ್’ ಗೊತ್ತಿರುವವರಿಗೆ ಅಲ್ಲಿನ ಕ್ವಿಲ್ಟ್ ಹರಾಜೂ ಗೊತ್ತು. ಕ್ವಿಲ್ಟ್ ಅಂದರೆ ಅವರ ಕಡೆಯ ಕೌದಿ; ದಾನವಾಗಿ ಬಂದವನ್ನು ಹರಾಜು ಹಾಕಿ ಪರಿಹಾರ ಕೆಲಸಕ್ಕೆ ಹಣ ಕೂಡಿಸುತ್ತಾರೆ. ಅದಕ್ಕೆ ನಮ್ಮ ಕೌದಿ ಕೊಡುತ್ತೇನೆ ಅಂದಾಗ ಹೊಲಿಗೆ ಬಲ್ಲವರೆಲ್ಲ ನಕ್ಕರು. ಇಂಚಿಗೆ ಎಂಟು–ಹತ್ತು ಟಾಕಾ ಹಾಕುವವರ ಮುಂದೆ ನಿನ್ನ ನಾಲ್ಕು ಟಾಕಾ ಯಾರಿಗೆ ಬೇಕು ಅಂದರು. ಮೊದಲೆರಡು ಸಲ ಅವರೇ ಗೆದ್ದರು. ಮೂರನೆಯದು ಸುಮಾರು 600 ಡಾಲರಿಗೆ ಹೋಯಿತು. ಟಾಕಾ ಆಗಲೂ ನಾಲ್ಕೇ. ಬದಲಾದದ್ದು ಬೇರೆ.

ಮೊದಲನೆಯದನ್ನು ಊರಿನ ಪದ್ಧತಿಯಲ್ಲೇ ಹಳೆ ಸೀರೆ ಐದು ಪದರ ಹಾಕಿ ಹೊಲಿದದ್ದು. ಮೂರು ಕಡೆ ಕೆಟ್ಟಿತು. ಇಳಕಲ್ ಸೆರಗಿನ ಕೆಂಪು ಪಕ್ಕದ ಬಿಳಿಗೆ ಇಳಿಯಿತು. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವುದನ್ನು ನಂಬಬೇಡಿ. ಕತ್ತರಿಸುವ ಮುಂಚೆ ಬಿಸಿನೀರಲ್ಲಿ, ಬಣ್ಣ ಹೀರುವ ಹಾಳೆ ಹಾಕಿ ಒಗೆಯಬೇಕು, ಹಾಳೆ ಬಿಳಿಯಾಗೇ ಹೊರಬರುವ ತನಕ. ನನ್ನ ಕೆಂಪಿಗೆ ನಾಲ್ಕು ಒಗೆತ ಬೇಕಾಯಿತು. ಎರಡನೆಯದು ತೂಕ. ಹರಾಜಿಗೆ ಮುಂಚೆ ಜನ ಮೂಲೆ ಎತ್ತಿ ನೋಡುತ್ತಾರೆ. ಮನೆಯ ವಾಷಿಂಗ್ ಮೆಷಿನ್‌ಗೆ ಹಿಡಿಸುವುದಿಲ್ಲ ಅನ್ನಿಸಿದರೆ ಅಲ್ಲಿಗೇ ಬಿಡುತ್ತಾರೆ. ಮೂರನೆಯದು ವಾಸನೆ. ಟ್ರಂಕಿನ ನುಸಿಗುಳಿಗೆ, ಅಡುಗೆಮನೆಯ ಒಗ್ಗರಣೆ ಎರಡೂ ಹತ್ತಿಯಲ್ಲಿ ಕೂತಿರುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ, ಅವರಿಗೆ ಮಾರು ದೂರದಿಂದ ಗೊತ್ತಾಗುತ್ತದೆ. ಬಂದದ್ದು 90 ಡಾಲರಿನ ಆಸುಪಾಸು. ಹಾಕಿದ್ದೂ ಅಷ್ಟೇ. ಅದರ ಬದಲು ಚೆಕ್ ಬರೆದಿದ್ದರೆ ಅರ್ಧ ಚಳಿಗಾಲ ಉಳಿಯುತ್ತಿತ್ತು.

ಎರಡನೇ ಕೌದಿಯಲ್ಲಿ ಬಟ್ಟೆ ಹೊಸದು, ವಾಸನೆ ಇಲ್ಲ, ಹಗುರ. ಆದರೆ ನಡುವೆ ಗುಳ್ಳೆ ಎದ್ದಿತು. ಕೌದಿಯನ್ನು ಅಂಚಿನಿಂದ ಒಳಕ್ಕೆ ಸುತ್ತುತ್ತ ಹೊಲಿಯುವುದರಿಂದ ಸಡಿಲ ಬಟ್ಟೆಯೆಲ್ಲ ಮಧ್ಯಕ್ಕೆ ತಳ್ಳಿಕೊಂಡು ಹೋಗುತ್ತದೆ. ಪದರಗಳೆಲ್ಲ ಮೆತ್ತನೆ ಸೀರೆಯಾದರೆ ಅದು ಅಡಗಿಬಿಡುತ್ತದೆ. ಬ್ಯಾಟಿಂಗ್, ಅಂದರೆ ನಡುವೆ ತುಂಬುವ ಮೆತ್ತನೆ ಪದರ, ಹಾಕಿದರೆ ಅಡಗುವುದಿಲ್ಲ. ಮದ್ದು ಒಂದೇ, ಕಚ್ಚಾ ಹೊಲಿಗೆ. ನೆಲದ ಮೇಲೆ ಅಸ್ತರನ್ನು ಟೇಪಿನಿಂದ ಬಿಗಿ ಮಾಡಿ, ನಡುವಿನಿಂದ ಹೊರಕ್ಕೆ, ನಾಲ್ಕು ಇಂಚಿಗೊಂದು ಗೆರೆ, ಅಡ್ಡ–ಉದ್ದ ಎರಡೂ. ಆರು ಇಂಚು ಸಾಕು ಅನ್ನುತ್ತಾರೆ, ಸಾಲದು. ಪಿನ್ನೂ ಬೇಡ, ದಪ್ಪ ದಾರ ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ.

ಈಗ ಗೆದ್ದದ್ದರ ಲೆಕ್ಕ. ಒಟ್ಟು ಅಳತೆ 50 × 60 ಇಂಚು, ಅಂದರೆ ಸೋಫಾ ಮೇಲೆ ಹೊದೆಯುವಷ್ಟು. ಹಾಸಿಗೆ ಅಳತೆಯಲ್ಲಿ ಅವರ ಕ್ವಿಲ್ಟ್‌ಗಳ ಜೊತೆ ನಾವು ಜಗಳಕ್ಕೆ ನಿಲ್ಲಬಾರದು. ನಡುವೆ 5 ಇಂಚಿನ 80 ಚೌಕ, ಎಂಟು ಅಡ್ಡ, ಹತ್ತು ಉದ್ದ. ಹೊಲಿಗೆಗೆ ಬಿಟ್ಟು 5½ ಇಂಚಿಗೆ ಕತ್ತರಿಸಿ. ಸುತ್ತ 5 ಇಂಚಿನ ಗಾಢ ಅಂಚು. ಚೌಕಗಳನ್ನು ಮೆಷಿನ್‌ನಲ್ಲೇ ಜೋಡಿಸುತ್ತೇನೆ. ಇದು ಕೌದಿಯೇ ಅಲ್ಲ ಅನ್ನುವುದು ನಮ್ಮವರ ತಕರಾರು, ಅನ್ನಲಿ. ಒಳಗೆ ಹತ್ತಿ 80, ಪಾಲಿಯೆಸ್ಟರ್ 20ರ ಬ್ಯಾಟಿಂಗ್ ಒಂದೇ ಪದರ. ಕ್ವೀನ್ ಅಳತೆಯ ಪೊಟ್ಟಣ ತಂದರೆ ಎರಡು ಕೌದಿಗೆ ಆಗುತ್ತದೆ.

ದಾರ 8ನೇ ನಂಬರಿನ ಪರ್ಲ್ ಕಾಟನ್, ಹೊಳಪಿನ ಕಸೂತಿ ದಾರ. ಗೆರೆಗೂ ಗೆರೆಗೂ ಅರ್ಧ ಇಂಚು ಅಂತರವಿಟ್ಟರೆ ಹೊಲಿಗೆಯ ಉದ್ದ ಸುಮಾರು 150 ಮೀಟರ್. ಟಾಕಾದ ಏರಿಳಿತ, ಗಂಟು, ತುದಿ ಎಲ್ಲ ಸೇರಿ 200 ದಾಟುತ್ತದೆ. 80 ಮೀಟರಿನ ಉಂಡೆ ಮೂರು ಬೇಕು; ನಾಲ್ಕು ತನ್ನಿ, ಒಂದೇ ಬ್ಯಾಚಿನವು. ದಾರ ಒಂದು ಮೊಳಕ್ಕಿಂತ ಉದ್ದ ಎಳೆದುಕೊಂಡರೆ ಜುಂಗೆದ್ದು ಹೊಳಪು ಹೋಗುತ್ತದೆ. ನನಗೆ 40–45 ಗಂಟೆ ಹಿಡಿಯಿತು.

ಮೂಲೆಗೆ ಫುಲ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕವಂದಿಯಲ್ಲಿ (ಅವರ ಕೌದಿ) ಮಡಚಿದ ತ್ರಿಕೋನಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ಸಿಕ್ಕಿಸುತ್ತಾರೆ, ಅದೇ ಫುಲ. ಫುಲ ಇಲ್ಲದ್ದು ಅವರ ಲೆಕ್ಕದಲ್ಲಿ ಬತ್ತಲೆ. ನನ್ನದು ಧಾರವಾಡದ ಕಡೆಯ ಕೈ, ಆದ್ದರಿಂದ ಫುಲ ಎಲ್ಲಿಂದ ಬಂತೆಂದು ಚೀಟಿಯಲ್ಲಿ ಬರೆದೇ ಕೊಟ್ಟೆ. ಏಳು ಪದರ ಮಡಚಿಯೂ ಮೂಲೆ ದಪ್ಪವಾಗದಂತೆ ಹೇಗೆ ಕೂರಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಬೆಲೆ ಏರಿಸಿದ್ದು ಮಾತ್ರ ಆ ಗಾಢ ಅಂಚು. ಹರಾಜಿನಲ್ಲಿ ಇಬ್ಬರು ಎರಡು ತುದಿ ಹಿಡಿದು ಎತ್ತುತ್ತಾರೆ, ಸವಾಲು ಕೂಗುವವರು ಮೂವತ್ತು–ನಲವತ್ತು ಅಡಿ ದೂರ ಕೂತಿರುತ್ತಾರೆ. ಅಲ್ಲಿಂದ ಟಾಕಾ ಕಾಣುವುದಿಲ್ಲ, ಚಿಂದಿ ಚೌಕಗಳೆಲ್ಲ ಕಲಸಿದಂತೆ ಕಾಣುತ್ತವೆ. ಕಡುನೀಲಿ ಅಂಚು ಹಾಕಿದರೆ ಒಳಗಿನದು ಚಿತ್ರವಾಗಿ ಎದ್ದು ನಿಲ್ಲುತ್ತದೆ. ಫೋಟೋ ತೆಗೆದು ಫೋನಿನಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಅಲ್ಲಿ ಏನು ಕಾಣುತ್ತದೋ ಸಭೆಗೂ ಅದೇ. ಬೆನ್ನೂ ಕಾಣುತ್ತದೆ, ಅಸ್ತರಿಗೆ ಹಳೆ ಬೆಡ್‌ಶೀಟ್ ಹಾಕಬೇಡಿ. ಚೀಟಿಯಲ್ಲಿ ಅಳತೆ, ಒಗೆಯುವ ವಿಧಾನ, ಮೂರು ಸಾಲು ಮೂಲ, ಅಷ್ಟೇ. ಹರಾಜು ನಡೆಸುವವನಿಗೆ ನಾಲ್ಕನೇ ಸಾಲು ಓದಲು ಪುರಸೊತ್ತಿರುವುದಿಲ್ಲ.

ಖರ್ಚು ಬಟ್ಟೆಗೆ 60, ಬ್ಯಾಟಿಂಗ್‌ಗೆ 20, ದಾರಕ್ಕೆ 20, ಹೆಚ್ಚುಕಮ್ಮಿ 100 ಡಾಲರ್. ಅದರ ಮೂರು ಪಟ್ಟಾದರೂ ಬರುವ ಅಂದಾಜಿಲ್ಲದಿದ್ದರೆ ದುಡ್ಡೇ ಕೊಟ್ಟುಬಿಡಿ. ತೆರಿಗೆ ರಸೀತಿ ಕೊಟ್ಟ ವಸ್ತುವಿನ ಮಾರುಕಟ್ಟೆ ಬೆಲೆಗೆ ಸಿಗಬಹುದು, ದುಡಿದ ಗಂಟೆಗಳಿಗೆ ಕೆನಡಾದಲ್ಲಿ ಸಿಗುವುದಿಲ್ಲ. ಕೊಡುವ ಮುಂಚೆಯೇ ಕೇಳಿಕೊಳ್ಳಿ.

ತಿಂಡಿಯನ್ನೂ ಪ್ರಯತ್ನಿಸಿದ್ದುಂಟು. ಮೇಳದಲ್ಲಿ ಜನ ಸಾಲು ನಿಲ್ಲುವುದು ವೆರೆನಿಕೆಗೆ: ಒಳಗೆ ಒಣ ಗಿಣ್ಣು, ಮೇಲೆ ಕೆನೆಯ ಗೊಜ್ಜು, ಥೇಟ್ ನಮ್ಮ ಬೇಯಿಸಿದ ಕಡುಬಿನ ಅಣ್ಣತಮ್ಮ. ಪಕ್ಕದಲ್ಲಿ 5 ಡಾಲರಿನ ಕೋಡುಬಳೆ ಪೊಟ್ಟಣ ಮಧ್ಯಾಹ್ನದವರೆಗೂ ಕದಲಲಿಲ್ಲ. ಮುರಿದು ತಟ್ಟೆಯಲ್ಲಿಟ್ಟ ಮೇಲೆ ಮೂವತ್ತು ಚಿಲ್ಲರೆ ಹೋದವು. ಬೆಚ್ಚಗಿರುವಾಗಲೇ ಪೊಟ್ಟಣ ಕಟ್ಟಿದ್ದವು ಮೆತ್ತಗಾಗಿ ವಾಪಸ್ ಬಂದವು. ಮೂರು ಗಂಟೆ ಆರಬೇಕು. ಒಂದರ ಮೇಲೊಂದು ಉಂಡೆ ಕೂರಿಸುವ ಅವರ ಜ್ವೀಬ್ಯಾಕ್ ಬನ್ನನ್ನೂ ಮನೆಯಲ್ಲಿ ಮಾಡಿ ನೋಡಿದೆ. ಮೇಲಿನ ಚಿಕ್ಕ ಉಂಡೆ ಪಕ್ಕಕ್ಕೆ ವಾಲಿತು. ಬೆರಳನ್ನು ಕೆಳಗಿನ ಉಂಡೆಯ ತಳ ಮುಟ್ಟುವ ತನಕ ಒತ್ತಬೇಕಂತೆ. ಒತ್ತಿದೆ, ಹತ್ತರಲ್ಲಿ ಏಳು ನಿಂತವು.

ಕೈಹೊಲಿಗೆ ಬಾರದವರಿಗೆ ಕಂಫರ್ಟರ್ ಇದೆ. ಅದು ಹರಾಜಿಗಲ್ಲ, ನೇರ ನಿರಾಶ್ರಿತರಿಗೆ ಹೋಗುವ ಹೊದಿಕೆ. 6 ಇಂಚಿನ ಚೌಕ ಹತ್ತು ಅಡ್ಡ, ಹದಿನಾಲ್ಕು ಉದ್ದ ಜೋಡಿಸಿದರೆ 60 × 84 ಇಂಚು. ಚೌಕಗಳು ಕೂಡುವ 117 ಮೂಲೆಗಳಲ್ಲಿ ಗಂಟು ಹಾಕಿದರಾಯಿತು. ಅಕ್ರಿಲಿಕ್ ನೂಲು ಜಾರುತ್ತದೆ, ಎಡದ ಮೇಲೆ ಬಲ, ಬಲದ ಮೇಲೆ ಎಡ ಹಾಕಿ ಇನ್ನೊಂದು ಸುತ್ತು ಬಿಗಿಯಿರಿ. ತುದಿ ಒಂದು ಇಂಚು ಬಿಡಿ. ನಾಲ್ಕು ಜನ ಮೇಜಿನ ಸುತ್ತ ಕೂತರೆ ಎರಡು ಗಂಟೆಯಲ್ಲಿ ಒಂದು ಮುಗಿಯುತ್ತದೆ. ಬಣ್ಣ ಬಿಡುತ್ತಿದ್ದ ನನ್ನ ಆ ಕೆಂಪು ಸೀರೆ ಕೂಡ ಒಗೆದು ಒಗೆದು ಕೊನೆಗೆ ಅಂಥದೊಂದಕ್ಕೇ ಚೌಕವಾಯಿತು.