ಡಿಸೆಂಬರ್ ತಿಂಗಳಲ್ಲಿ ಅಂಗಡಿ ಕೌಂಟರ್‌ನಲ್ಲಿ ಹಬ್ಬದ ಶುಭಾಶಯ ಹೇಳುವುದು ಹೇಗೆ?

ಅಮೆರಿಕಕ್ಕೆ ಹೊಸದಾಗಿ ಬಂದು ಅಂಗಡಿ ಕೆಲಸಕ್ಕೆ ಸೇರಿದ ನಮ್ಮ ಕಡೆಯ ಹುಡುಗ ಹುಡುಗಿಯರು ಡಿಸೆಂಬರ್ ಬಂತು ಅಂದರೆ ನನ್ನನ್ನು ಕೇಳುತ್ತಾರೆ. ‘ಆಂಟಿ, ಗಿರಾಕಿಗಳಿಗೆ ಮೆರಿ ಕ್ರಿಸ್‌ಮಸ್ ಅನ್ನಬೇಕಾ, ಹ್ಯಾಪಿ ಹಾಲಿಡೇಸ್ ಅನ್ನಬೇಕಾ?’ ನಮ್ಮ ಚರ್ಚಿನ ಸಭೆಯ ಮಕ್ಕಳು ಕೇಳುವಾಗ ಅದರಲ್ಲಿ ಒಂದು ಅಳುಕೂ ಇರುತ್ತದೆ. ಯಾವ ಹಬ್ಬದ ಹೆಸರನ್ನೂ ಹೇಳದೆ ಹ್ಯಾಪಿ ಹಾಲಿಡೇಸ್ ಅಂದರೆ ಯೇಸುಸ್ವಾಮಿಯ ಹೆಸರನ್ನೇ ಬಿಟ್ಟುಕೊಟ್ಟ ಹಾಗಾಗುತ್ತದಾ ಅಂತ.

ನಾನು ಮಂಗಳೂರಿನ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆಯ ಸಭೆಗೆ ಸೇರಿದ ಮನೆತನದವಳು. ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಂದು ದೊಡ್ಡ ದಿನಸಿ ಅಂಗಡಿಯ ಕೌಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ಕ್ರಿಸ್‌ಮಸ್ ನನಗೆ ವರ್ಷದ ಅತಿ ದೊಡ್ಡ ಸಂತೋಷ. ಆದರೂ ಗುರುತಿಲ್ಲದ ಗಿರಾಕಿಗೆ ನಾನು ಹೇಳುವುದು ಹ್ಯಾಪಿ ಹಾಲಿಡೇಸ್. ಮನಸ್ಸಿಟ್ಟೇ ಹೇಳುತ್ತೇನೆ. ಶುಭಾಶಯ ಕೇಳಿಸಿಕೊಳ್ಳುವವರಿಗೆ ಸಲ್ಲಬೇಕಾದದ್ದು. ನನ್ನ ನಂಬಿಕೆಯನ್ನು ಸಾರಿಕೊಳ್ಳಲು ಅವರ ಹಬ್ಬವನ್ನು ಬಳಸಿಕೊಳ್ಳಬಾರದು ಅಂತ ನನ್ನ ಅಭಿಪ್ರಾಯ.

ಮೊದಲು, ಎದುರಿಗೆ ನಿಂತವರು ಯಾರಿರಬಹುದು ಅಂತ ತಿಳಿದಿರಿ. ನಮ್ಮ ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಸಂಪ್ರದಾಯಸ್ಥ ಯಹೂದಿ ಕುಟುಂಬಗಳು ಬಹಳ. ಅವರ ಹನುಕ್ಕಾ ಎಂಟು ದಿನದ ಹಬ್ಬ, ತಾರೀಖು ವರ್ಷ ವರ್ಷ ಬದಲಾಗುತ್ತದೆ. 2024ರಲ್ಲಿ ಡಿಸೆಂಬರ್ 25ರ ಸಂಜೆಗೆ ಶುರುವಾಗಿತ್ತು, 2025ರಲ್ಲಿ 14ರ ಸಂಜೆಗೆ. ಅಂದರೆ ಆ ವರ್ಷ 25ಕ್ಕೆ ಹನುಕ್ಕಾ ಮುಗಿದೇ ಹೋಗಿತ್ತು. ಆಮೇಲೆ ಹಾರೈಸಿದರೆ ಏನು ಪ್ರಯೋಜನ? ಆಫ್ರಿಕನ್ ಅಮೆರಿಕನ್ ಮನೆಗಳಲ್ಲಿ ಕೆಲವರು 1966ರಲ್ಲಿ ಶುರುವಾದ ಕ್ವಾಂಜಾ ಆಚರಿಸುತ್ತಾರೆ, ಡಿಸೆಂಬರ್ 26ರಿಂದ ಜನವರಿ 1ರವರೆಗೆ. ಓಕ್ ಟ್ರೀ ರೋಡ್ ಕಡೆಯ ಗುಜರಾತಿ, ತೆಲುಗು ಮನೆಯವರು ದೀಪಾವಳಿ ಮುಗಿಸಿ ಬಂದಿರುತ್ತಾರೆ. ಯೆಹೋವನ ಸಾಕ್ಷಿಗಳು ಬೈಬಲ್ ಓದುವವರೇ, ಆದರೆ ಕ್ರಿಸ್‌ಮಸ್ ಆಚರಿಸುವುದಿಲ್ಲ. ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರಿಗೆ ಕ್ರಿಸ್‌ಮಸ್ ಬರುವುದೇ ಜನವರಿ 7ಕ್ಕೆ.

ಇಷ್ಟು ತಿಳಿದ ಮೇಲೂ ಮುಖ ನೋಡಿ ಊಹೆ ಮಾಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆ ಊಹೆ ನನ್ನ ಮೇಲೇ ನಡೆಯುತ್ತಿರುತ್ತದೆ. ನನ್ನ ಬಣ್ಣ ನೋಡಿ, ‘ನಿಮಗೆ ಕ್ರಿಸ್‌ಮಸ್ ಇಲ್ಲ ಅಲ್ವಾ?’ ಅಂತ ಪ್ರೀತಿಯಿಂದಲೇ ಕೇಳುವವರಿದ್ದಾರೆ. ಸಾಲಿನಲ್ಲಿ ನನ್ನ ಮುಂದೆ ನಿಂತವರಿಗೆ ಮೆರಿ ಕ್ರಿಸ್‌ಮಸ್ ಅಂದು, ನನ್ನ ಸರದಿ ಬಂದಾಗ ಬೇರೆ ಮಾತು ಹುಡುಕುವವರೂ ಇದ್ದಾರೆ. ಮನಸ್ಸಿಗೆ ನೋವಾಗುತ್ತದೆ. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮ ಮನೆಗಳಲ್ಲಿ ಕನ್ನಡದಲ್ಲೇ ಪ್ರಾರ್ಥನೆ, ಕನ್ನಡದಲ್ಲೇ ಕೀರ್ತನೆ. ಅದು ಮುಖದ ಮೇಲೆ ಬರೆದಿರುವುದಿಲ್ಲ. ಹಾಗೆಯೇ ಅರಬ್ಬಿ ಮಾತಾಡುವ ಹೆಂಗಸು ಕ್ರೈಸ್ತಳಿರಬಹುದು, ಬಿಳಿ ಅಜ್ಜ ಯಹೂದಿ ಇರಬಹುದು.

ಹಾಗಾಗಿ ಕೌಂಟರ್‌ನಲ್ಲಿ ಹೀಗೆ ಮಾಡಿ. ಬಿಲ್ ಕೈಗೆ ಕೊಡುವಾಗ, ಮುಖ ನೋಡಿ, ಹ್ಯಾಪಿ ಹಾಲಿಡೇಸ್ ಅನ್ನಿ. ಅವರೇ ಮೊದಲು ಮೆರಿ ಕ್ರಿಸ್‌ಮಸ್ ಅಂದರೆ ನೀವೂ ಪೂರ್ತಿಯಾಗಿ ಮೆರಿ ಕ್ರಿಸ್‌ಮಸ್ ಅನ್ನಿ. ಹ್ಯಾಪಿ ಹನುಕ್ಕಾ ಅಂದರೆ ಅದನ್ನೇ ಹೇಳಿ. ನೀವು ಹಿಂದೂ ಆಗಿದ್ದರೂ, ಮುಸ್ಲಿಮರಾಗಿದ್ದರೂ ತೊಂದರೆ ಇಲ್ಲ, ಅವರ ಹಬ್ಬಕ್ಕೆ ಒಳ್ಳೆಯದನ್ನು ಬಯಸುತ್ತಿದ್ದೀರಿ ಅಷ್ಟೆ. ಟ್ರಾಲಿಯಲ್ಲಿ ಹನುಕ್ಕಾ ಮೇಣದಬತ್ತಿಯ ಡಬ್ಬಿ ಕಂಡರೂ ಆತುರ ಬೇಡ, ಯಾರಿಗೋ ಉಡುಗೊರೆ ಇರಬಹುದು. ಆ ಡಬ್ಬಿಯಲ್ಲಿ 44 ಬತ್ತಿ ಇರುತ್ತವೆ, ಎಂಟು ರಾತ್ರಿಗೂ ಲೆಕ್ಕವಾಗಿ. ಅದರ ಬಗ್ಗೆ ನಿಮಗೆ ಗೊತ್ತಿದ್ದರೆ ಅವರೇ ಮಾತು ತೆಗೆದಾಗ ಸಂತೋಷಪಡುತ್ತಾರೆ. ತಿಂಗಳುಗಟ್ಟಲೆ ಬರುವ ಗಿರಾಕಿಯ ಹಬ್ಬ ಯಾವುದು ಅಂತ ಗೊತ್ತಾದ ಮೇಲೆ ಅದರ ಹೆಸರು ಹಿಡಿದೇ ಹಾರೈಸಿ. ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಈಗ ಸಾಮಾನು ಕೊಳ್ಳಲು ಬರುವ ನಮ್ಮ ಕ್ರೈಸ್ತ ಬಂಧುಗಳಿಗೆ ಒಂದು ಮಾತು. ಕ್ಯಾಶಿಯರ್ ಹ್ಯಾಪಿ ಹಾಲಿಡೇಸ್ ಅಂದರೆ ದಯವಿಟ್ಟು ತಿದ್ದಬೇಡಿ. ಏನು ಹೇಳಬೇಕು ಅಂತ ಅವಳಿಗೆ ಮೇಲಿನವರು ಹೇಳಿಕೊಟ್ಟಿರುತ್ತಾರೆ. ಬೆಳಗಿನಿಂದ ನಿಂತು ಅವಳ ಕಾಲು ಸೋತಿರುತ್ತದೆ. ‘ಮೆರಿ ಕ್ರಿಸ್‌ಮಸ್ ಅಂತ ಹೇಳಲು ಬರಲ್ವಾ?’ ಅಂತ ಸಿಟ್ಟಿನಿಂದ ಹೇಳಿಸಿಕೊಂಡವಳು ನಾನು. ಯೇಸುಸ್ವಾಮಿಯ ಹೆಸರನ್ನು ಸಿಟ್ಟಿನ ದನಿಯಲ್ಲಿ ಕೇಳುವುದಕ್ಕಿಂತ ಕೇಳದಿರುವುದೇ ಮೇಲು ಅನ್ನಿಸಿತು. ನಿಮಗೆ ಹೇಳಬೇಕು ಅನ್ನಿಸಿದರೆ ನಗುತ್ತಾ ‘ಥ್ಯಾಂಕ್ ಯೂ, ಮೆರಿ ಕ್ರಿಸ್‌ಮಸ್’ ಅನ್ನಿ. ಸಾಕು.

ಈ ಜಗಳ ಇಲ್ಲಿ ಹಳೆಯದು. 2005ರಲ್ಲಿ ವಾಲ್‌ಮಾರ್ಟ್ ಅಂಗಡಿಯವರು ಹ್ಯಾಪಿ ಹಾಲಿಡೇಸ್ ಅನ್ನುತ್ತಿದ್ದಾರೆ ಅಂತ ದೊಡ್ಡ ಗಲಾಟೆಯಾಯಿತು, 2006ರಲ್ಲಿ ಅವರು ಮತ್ತೆ ಮೆರಿ ಕ್ರಿಸ್‌ಮಸ್‌ಗೆ ಬಂದರು. 2015ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯ, ಹಬ್ಬದ ಚಿತ್ರವಿಲ್ಲದ ಬರೀ ಕೆಂಪು ಕಪ್ ನೋಡಿ ಬೇಸರಪಟ್ಟವರಿದ್ದರು. ಆದರೆ 1659ರಲ್ಲಿ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ ಕ್ರೈಸ್ತರು ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕಿದ್ದರು, ಅದನ್ನು ತೆಗೆದದ್ದು 1681ರಲ್ಲಿ. ಒಬ್ಬನು ಒಂದು ದಿನವನ್ನು ದೊಡ್ಡದಾಗಿ ಎಣಿಸುತ್ತಾನೆ, ಇನ್ನೊಬ್ಬನು ಎಲ್ಲ ದಿನವನ್ನೂ ಒಂದೇ ಅನ್ನುತ್ತಾನೆ, ಇಬ್ಬರೂ ಕರ್ತನಿಗಾಗಿಯೇ ಮಾಡಲಿ ಅಂತ ಪೌಲನು ರೋಮಾಪುರದವರಿಗೆ ಬರೆದಿದ್ದಾನೆ. 14ನೆಯ ಅಧ್ಯಾಯ ಒಮ್ಮೆ ಓದಿ. ಟಿವಿ, ಕಂಬಳಿ ಮಾರುವ ಬೋರ್ಡಿನ ಮೇಲೆ ಕ್ರಿಸ್ತನ ಹೆಸರು ಇರಲೇಬೇಕು ಅಂತ ನಾವು ಯಾಕೆ ಹಟ ಹಿಡಿಯಬೇಕು?

ಕೆಲಸದಲ್ಲಿ ಹೇಳಿಕೊಟ್ಟ ಮಾತು ನಿಮ್ಮ ಮನಸ್ಸಾಕ್ಷಿಗೆ ಒಪ್ಪದಿದ್ದರೆ ಗಿರಾಕಿಗಳ ಮುಂದೆ ವಾದ ಬೇಡ. ರಶ್ ಇಲ್ಲದಾಗ ಮ್ಯಾನೇಜರ್ ಹತ್ತಿರ ಮಾತಾಡಿ, ಆಮೇಲೆ ಇಮೇಲ್‌ನಲ್ಲೂ ಬರೆದಿಡಿ. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಪ್ರಕಾರ, ಹದಿನೈದು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ, ವ್ಯಾಪಾರಕ್ಕೆ ಭಾರಿ ಹೊರೆಯಾಗದಿದ್ದರೆ ಧರ್ಮದ ಕಾರಣಕ್ಕೆ ಕೇಳಿದ ಅನುಕೂಲವನ್ನು ಮಾಡಿಕೊಡಬೇಕು. ಇದು ಕ್ರೈಸ್ತರಿಗೆ ಮಾತ್ರ ಇರುವ ಹಕ್ಕಲ್ಲ. ಮೆರಿ ಕ್ರಿಸ್‌ಮಸ್ ಅನ್ನಲು ಇಷ್ಟವಿಲ್ಲದವರಿಗೂ ಇದೆ. ಎಷ್ಟೋ ಸಲ ‘ಹ್ಯಾವ್ ಎ ಗುಡ್ ಈವ್ನಿಂಗ್’ ಅನ್ನಲು ಒಪ್ಪಿಗೆ ಸಿಕ್ಕರೆ ವಿಷಯ ಅಲ್ಲಿಗೇ ಮುಗಿಯುತ್ತದೆ.

ಹಾಗಾದರೆ ನಮ್ಮ ನಂಬಿಕೆಯನ್ನು ಹೇಳಿಕೊಳ್ಳುವುದು ಬೇಡವಾ? ಖಂಡಿತ ಬೇಕು. ಯಾರಾದರೂ ‘ನೀವು ಏನು ಆಚರಿಸ್ತೀರಿ?’ ಅಂತ ಕೇಳಿದರೆ ಮುಚ್ಚಿಡಬೇಡಿ. ಕೇಳಿದವರಿಗೆ ಮೃದುವಾಗಿ, ಗೌರವದಿಂದ ಉತ್ತರ ಕೊಡಲು ಸಿದ್ಧರಾಗಿರಿ ಅಂತ ಪೇತ್ರನೂ ಹೇಳಿದ್ದಾನೆ. ಬ್ರೇಕ್ ರೂಮಿಗೆ ನಾನು ಕುಸ್ವಾರ್, ಅಂದರೆ ನಮ್ಮ ಕಡೆಯ ಕ್ರಿಸ್‌ಮಸ್ ತಿಂಡಿಗಳನ್ನು ಒಯ್ಯುತ್ತೇನೆ, ಊರಲ್ಲಿ ಪಕ್ಕದ ಮನೆಗಳಿಗೆ ತಟ್ಟೆ ಕಳಿಸುವ ಹಾಗೆ. ನೀವೂ ಒಯ್ಯುವುದಾದರೆ ಡಬ್ಬಿಯ ಮೇಲೆ ಚೀಟಿ ಅಂಟಿಸಿ: ಮೊಟ್ಟೆ, ಗೋಡಂಬಿ, ಎಳ್ಳು, ಮೈದಾ, ಏನೇನಿದೆ ಅಂತ. ಇಲ್ಲಿ ಅಲರ್ಜಿ ಇರುವವರು ತುಂಬ ಜನ, ಅದೂ ಗೋಡಂಬಿ ಇದ್ದರೆ ಹೇಳಲೇಬೇಕು. ಅದೇ ಚೀಟಿಯಲ್ಲಿ ನಾನು ದೊಡ್ಡದಾಗಿ ಮೆರಿ ಕ್ರಿಸ್‌ಮಸ್ ಅಂತಲೂ ಬರೆಯುತ್ತೇನೆ. ತಿನ್ನುತ್ತಾ ತಿನ್ನುತ್ತಾ ಇದು ಯಾವ ಊರಿನ ತಿಂಡಿ ಅಂತ ಕೇಳುತ್ತಾರೆ, ಅಲ್ಲಿಂದ ಮಾತು ಚರ್ಚಿನವರೆಗೂ ಹೋಗುತ್ತದೆ.

ಡಿಸೆಂಬರ್ 26ಕ್ಕೆ ಅಂಗಡಿಯವರು ಮರ, ದೀಪ ಎಲ್ಲ ಅರ್ಧ ಬೆಲೆಗೆ ಇಡುತ್ತಾರೆ. ಚರ್ಚಿನಲ್ಲಿ ಹಬ್ಬದ ಕಾಲ ಜನವರಿ 6ರ ಹತ್ತಿರದವರೆಗೂ ಇದೆ, ಸಭೆಯವರು ಸಿಕ್ಕಿದರೆ ಅಲ್ಲಿಯವರೆಗೂ ಕ್ರಿಸ್‌ಮಸ್ ಶುಭಾಶಯ ಹೇಳಿ. ಉಳಿದವರಿಗೆ ಹ್ಯಾಪಿ ನ್ಯೂ ಇಯರ್. ನಿಮ್ಮ ಗಿರಾಕಿಗಳಲ್ಲಿ ಕೋಪ್ಟಿಕ್ ಮನೆಯವರಿದ್ದರೆ ಜನವರಿ 7ನ್ನು ಮರೆಯಬೇಡಿ.